ಹುಟ್ಟಿದ ಕೂಸಿನ ಲೆಕ್ಕಕ್ಕೆ ಯಾರ ಪಾಪ?

ಮಾನ್ಯರೇ,

ಅಧ್ಯಯನ ಕೂಟವೊಂದರಲ್ಲಿ ಮೂಲಪಾಪದ ಬಗ್ಗೆ, ಅಂದರೆ ಮೊದಲ ಮನುಷ್ಯ ಆದಾಮನ ತಪ್ಪು ಹುಟ್ಟಿನಿಂದಲೇ ಎಲ್ಲರಿಗೂ ಅಂಟಿದೆ ಎಂಬ ಕ್ರೈಸ್ತ ಬೋಧನೆಯ ಬಗ್ಗೆ ಮಾತಾಡಲು ನೀವು ಸಿದ್ಧಪಡಿಸಿಕೊಂಡ ಪಟ್ಟಿ ನಮ್ಮ ಮುಂದಿದೆ. ಕ್ರೈಸ್ತರ ಪ್ರಕಾರ ಮನುಷ್ಯ ಹುಟ್ಟಿನಿಂದಲೇ ಪಾಪಿ. ಯೆಹೂದ್ಯರು ಮತ್ತು ಮುಸ್ಲಿಮರ ಪ್ರಕಾರ ಹುಟ್ಟುವಾಗ ಶುದ್ಧ. ಹಿಂದೂಗಳಿಗೆ ಪೂರ್ವಜನ್ಮದ ಪಾಪ. ಬೌದ್ಧರಿಗೂ ಜೈನರಿಗೂ ಇದು ಅನ್ವಯಿಸುವುದಿಲ್ಲ. ಇದು ನಿಮ್ಮ ಪಟ್ಟಿ. ಜೊತೆಗೆ ಎರಡು ಪ್ರಶ್ನೆ ಕೇಳಿದ್ದೀರಿ: ಈಗಷ್ಟೇ ಹುಟ್ಟಿದ ಕೂಸು ಮಾಡಿದ ತಪ್ಪಾದರೂ ಏನು? ಪ್ರದಕ್ಷಿಣ ನಮಸ್ಕಾರದಲ್ಲಿ ‘ಪಾಪೋಽಹಂ ಪಾಪಕರ್ಮಾಹಂ ಪಾಪಾತ್ಮಾ ಪಾಪಸಂಭವಃ’ ಎನ್ನುತ್ತೇವಲ್ಲ, ಅದಕ್ಕೂ ಕ್ರೈಸ್ತರ ಮಾತಿಗೂ ವ್ಯತ್ಯಾಸವೇನು?

ಪಟ್ಟಿಯ ನಾಲ್ಕೂ ಸಾಲುಗಳಲ್ಲಿ ಅಷ್ಟಿಷ್ಟು ನಿಜವಿದೆ. ಆದರೆ ಇದ್ದ ಹಾಗೆಯೇ ಓದಿದರೆ ಸಭೆಯಲ್ಲಿ ವಿಷಯ ಬಲ್ಲ ಯಾರಾದರೂ ಎದ್ದುನಿಂತು ಒಂದೊಂದನ್ನೂ ಕೆಡವಬಹುದು. ಮೂಲಪಾಪವನ್ನು ಒಂದೇ ಹೇಳಿಕೆ ಎಂದುಕೊಂಡದ್ದರಿಂದ ಹೀಗಾಗಿದೆ. ಅದರೊಳಗೆ ನಾಲ್ಕು ಬೇರೆ ಬೇರೆ ಮಾತುಗಳು ಸೇರಿಕೊಂಡಿವೆ. ಸಾವು, ನೋವು, ದುಡಿಮೆಯ ಕಷ್ಟ ಇವೆಲ್ಲ ಒಂದು ಮೂಲ ತಪ್ಪಿನಿಂದ ಬಂದವು ಎನ್ನುವುದು ಒಂದು ಮಾತು. ಕೆಟ್ಟದ್ದರ ಕಡೆಗಿನ ಒಲವು ಹುಟ್ಟಿನಲ್ಲೇ ಇದೆ ಎನ್ನುವುದು ಇನ್ನೊಂದು. ಆ ಮೊದಲ ಅಪರಾಧದ ಹೊಣೆಯೇ ಕೂಸಿನ ಮೇಲಿದೆ ಎನ್ನುವುದು ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು. ಮನುಷ್ಯ ಸ್ವಂತ ಬಲದಿಂದ ಇದರಿಂದ ಬಿಡಿಸಿಕೊಳ್ಳಲಾರ ಎನ್ನುವುದು ಕೊನೆಯದು. ಎರಡನೆಯದನ್ನು ಹೆಚ್ಚುಕಡಿಮೆ ಎಲ್ಲ ಧರ್ಮಗಳೂ ಒಂದಲ್ಲ ಒಂದು ರೂಪದಲ್ಲಿ ಒಪ್ಪುತ್ತವೆ. ಜಗಳವೆಲ್ಲ ಮೂರನೆಯದರ ಮೇಲೆ. ಕ್ರೈಸ್ತರಲ್ಲೇ ಅದನ್ನು ಒಪ್ಪದವರು ಕೋಟಿಗಟ್ಟಲೆ ಇದ್ದಾರೆ.

ಮೊದಲು ಬೈಬಲಿನ ಕಥೆಯನ್ನು ನೋಡೋಣ: ದೇವರು ಬೇಡವೆಂದ ಹಣ್ಣನ್ನು ಹಾವಿನ ಮಾತು ಕೇಳಿ ಮೊದಲ ದಂಪತಿ ಆದಾಮ, ಹವ್ವಾ ತಿನ್ನುತ್ತಾರೆ. ಆದಿಕಾಂಡದ 3ನೇ ಅಧ್ಯಾಯದಲ್ಲಿ ಸೇಬು ಇಲ್ಲ. ಒಳ್ಳೆಯದು ಕೆಟ್ಟದ್ದರ ಅರಿವನ್ನು ಕೊಡುವ ಮರದ ಹಣ್ಣು ಎಂದಷ್ಟೇ ಇದೆ. ಸೈತಾನನ ಹೆಸರಿಲ್ಲ, ಹಾವು ಮಾತ್ರ. ‘ಪಾಪ’ ಎಂಬ ಪದವೂ ಅಲ್ಲಿ ಬರುವುದಿಲ್ಲ. ಅದು ಮೊದಲು ಕಾಣುವುದು 4ನೇ ಅಧ್ಯಾಯದಲ್ಲಿ, ಕಾಯಿನ ತಮ್ಮನನ್ನು ಕೊಲ್ಲುವ ಮೊದಲು. ಶಾಪಗಳೇನೋ ಇವೆ: ಹೆರಿಗೆಯ ನೋವು, ಬೆವರು ಸುರಿಸಿ ಉಣ್ಣುವ ಅನ್ನ, ಮಣ್ಣಿಗೆ ಮರಳುವುದು. ಆದರೆ ಸಂತತಿಗೆಲ್ಲ ಅಪರಾಧ ದಾಟಿತು ಎಂಬ ವಾಕ್ಯ ಅಲ್ಲಿಲ್ಲ. ಕಾಮವೇ ಆ ಪಾಪ ಎಂಬ ಜನಪ್ರಿಯ ಕಲ್ಪನೆಗೂ ಆಧಾರವಿಲ್ಲ. ಸಂತಾನವಂತರಾಗಿ ಎಂಬ ಆಶೀರ್ವಾದ 1ನೇ ಅಧ್ಯಾಯದಲ್ಲೇ ಆಗಿಹೋಗಿದೆ.

ಆದಾಮನಿಂದ ಎಲ್ಲರಿಗೂ ಎಂಬ ಎಳೆಯನ್ನು ಗಟ್ಟಿಯಾಗಿ ಎತ್ತಿಕೊಂಡವನು ಯೇಸುವಿನ ಸಂದೇಶ ಸಾರಿದ ಪೌಲ. ರೋಮಾಪುರದವರಿಗೆ ಬರೆದ ಪತ್ರದ 5:12ರಲ್ಲಿ, ಒಬ್ಬನಿಂದ ಪಾಪವೂ ಪಾಪದಿಂದ ಮರಣವೂ ಲೋಕದೊಳಗೆ ಬಂದವು ಎನ್ನುತ್ತಾನೆ. ಅದನ್ನು ಪೂರ್ಣ ಸಿದ್ಧಾಂತವಾಗಿ ಕಟ್ಟಿದವರು ಉತ್ತರ ಆಫ್ರಿಕಾದ ಹಿಪ್ಪೋದ ಬಿಷಪ್ ಸಂತ ಅಗಸ್ಟೀನ್ (354–430). ಅವರ ಕೈಯಲ್ಲಿದ್ದ ಲ್ಯಾಟಿನ್ ಪಾಠದಲ್ಲಿ ಆ ವಚನದ ಕೊನೆ ‘ಅವನಲ್ಲಿ ಎಲ್ಲರೂ ಪಾಪ ಮಾಡಿದರು’ ಎಂದು ಓದಿಕೊಳ್ಳುವಂತಿತ್ತು. ಗ್ರೀಕ್ ಓದುತ್ತಿದ್ದವರಿಗೆ ಅಲ್ಲಿ ಕಂಡದ್ದು ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂಬ ಅರ್ಥ. ಪೂರ್ವ ಪಶ್ಚಿಮದ ಕ್ರೈಸ್ತ ಸಭೆಗಳು (ಚರ್ಚುಗಳು) ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿಯಲು ಇದೊಂದು ಕಾರಣ. ಇದೊಂದೇ ಕಾರಣವೆಂದು ಹೇಳಿಬಿಡಬೇಡಿ. ಅಗಸ್ಟೀನರ ಇನ್ನೊಂದು ವಾದ ಇದಕ್ಕಿಂತ ಬಲವಾಗಿತ್ತು. ಶಿಶುಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವ ಪದ್ಧತಿ ಅವರಿಗಿಂತ ಮೊದಲೇ ಇತ್ತು. ಪಾಪಕ್ಷಮೆಗಾಗಿ ಕೊಡುವ ಸ್ನಾನವನ್ನು ಏನೂ ಮಾಡಿರದ ಕೂಸಿಗೂ ಕೊಡುತ್ತೇವೆಂದರೆ, ಆ ಕೂಸಿನಲ್ಲಿ ಕ್ಷಮಿಸಬೇಕಾದದ್ದು ಏನೋ ಇರಲೇಬೇಕಲ್ಲ? ಆಚರಣೆಯಿಂದ ಸಿದ್ಧಾಂತಕ್ಕೆ ನಡೆದ ತರ್ಕ ಇದು.

ಎದುರಿಗಿದ್ದವನು ಬ್ರಿಟನ್ನಿನಿಂದ ಬಂದ ಪೆಲೇಜಿಯಸ್. ಆದಾಮ ನಮಗೆ ಕೆಟ್ಟ ಮಾದರಿಯಷ್ಟೇ ಆದ, ಮನಸ್ಸು ಮಾಡಿದರೆ ಮನುಷ್ಯ ಪಾಪ ಮಾಡದೆ ಬದುಕಬಲ್ಲ ಎಂಬುದು ಅವನ ವಾದದ ಸಾರ. 418ರ ಕಾರ್ಥೇಜ್ ಸಭೆ ಈ ಪಂಥವನ್ನು ಖಂಡಿಸಿತು, 431ರ ಎಫೆಸಸ್ ಮಹಾಸಭೆಯೂ ತಿರಸ್ಕರಿಸಿತು. ಇಂದಿನ ಓದುಗರಿಗೆ ಪೆಲೇಜಿಯಸ್ ಉದಾರಿಯಾಗಿ ಕಾಣುತ್ತಾನೆ. ಆದರೆ ಅವನ ಮಾತಿನಲ್ಲೂ ಒಂದು ಕ್ರೌರ್ಯವಿದೆ: ಸೋತವನಿಗೆ ನೆಪವೇ ಉಳಿಯುವುದಿಲ್ಲ.

ಈಗ ಕೂಸಿನ ಪ್ರಶ್ನೆ. ಸಿದ್ಧಾಂತ ಏನು ಹೇಳುತ್ತದೆಂದು ತಿಳಿಯಲು, ಅದು ಸತ್ತ ಶಿಶುವಿನ ವಿಷಯದಲ್ಲಿ ಏನು ಹೇಳುತ್ತದೆಂದು ನೋಡುವುದು ಒಳ್ಳೆಯ ಪರೀಕ್ಷೆ. ದೀಕ್ಷಾಸ್ನಾನವಿಲ್ಲದೆ ಸತ್ತ ಮಗುವಿಗೂ ದಂಡನೆ ಇದೆ, ಆದರೆ ಅದು ಎಲ್ಲಕ್ಕಿಂತ ಹಗುರವಾದದ್ದು ಎಂದು ಅಗಸ್ಟೀನರು ಬರೆದರು. ತರ್ಕ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಮಧ್ಯಯುಗದ ಪಂಡಿತರಿಗೆ ಇದನ್ನು ನುಂಗಲಾಗದೆ, ನೋವೂ ಇಲ್ಲದ ದೇವದರ್ಶನವೂ ಇಲ್ಲದ ‘ಲಿಂಬೊ’ ಎಂಬ ಸ್ಥಿತಿಯನ್ನು ಊಹಿಸಿದರು. ಅದು ಅಧಿಕೃತ ವಿಶ್ವಾಸ ಸೂತ್ರವಾಗಲಿಲ್ಲ. 2007ರಲ್ಲಿ ಕ್ಯಾಥೊಲಿಕ್ ಸಭೆಯ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಇಂಥ ಶಿಶುಗಳ ರಕ್ಷಣೆಯ ಬಗ್ಗೆ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಎಂದಿತು. ಅದಕ್ಕಿಂತ ಮುಖ್ಯವಾದದ್ದು ಅದೇ ಸಭೆಯ 1992ರ ಧರ್ಮೋಪದೇಶ ಗ್ರಂಥದ 404, 405ನೇ ಕಂಡಿಕೆಗಳು: ಮೂಲಪಾಪವನ್ನು ‘ಪಾಪ’ ಎನ್ನುವುದು ಹೋಲಿಕೆಯಿಂದ ಮಾತ್ರ, ಅದು ಮಾಡಿದ ಪಾಪವಲ್ಲ, ಅಂಟಿದ ಸ್ಥಿತಿ, ಆದಾಮನ ಸಂತತಿಯವರಲ್ಲಿ ಯಾರ ಮೇಲೂ ಅದು ವೈಯಕ್ತಿಕ ಅಪರಾಧವಲ್ಲ. ‘ಕೂಸು ಮಾಡಿದ ತಪ್ಪೇನು’ ಎಂಬ ನಿಮ್ಮ ಪ್ರಶ್ನೆಗೆ ಇಂದಿನ ಕ್ಯಾಥೊಲಿಕ್ ಉತ್ತರ ನೇರವಾಗಿಯೇ ಇದೆ: ಏನೂ ಇಲ್ಲ. ಇರಬೇಕಾಗಿದ್ದ ಒಂದು ಪಾವಿತ್ರ್ಯ ಅದಕ್ಕೆ ಸಿಕ್ಕಿಲ್ಲ, ಅಷ್ಟೆ.

ಪ್ರೊಟೆಸ್ಟಂಟರನ್ನು ಇದೇ ಸಾಲಿಗೆ ಸೇರಿಸಬೇಡಿ. ಇಬ್ಬರ ನಡುವಿನ ಗೆರೆ ತೀರಾ ಸಣ್ಣದು, ಆದರೆ ಸ್ಪಷ್ಟ. ದೀಕ್ಷಾಸ್ನಾನದ ನಂತರವೂ ಮನುಷ್ಯನಲ್ಲಿ ದುರಿಚ್ಛೆ ಉಳಿಯುತ್ತದೆಂದು ಇಬ್ಬರೂ ಒಪ್ಪುತ್ತಾರೆ. 1546ರಲ್ಲಿ ಟ್ರೆಂಟ್ ಮಹಾಸಭೆ ತನ್ನ 5ನೇ ಅಧಿವೇಶನದಲ್ಲಿ ಹೇಳಿದ್ದು: ಆ ಒಲವು ಪಾಪದಿಂದ ಬಂದದ್ದು, ಪಾಪದ ಕಡೆಗೆ ಎಳೆಯುವಂಥದ್ದು, ಆದರೆ ಅದೇ ಪಾಪವಲ್ಲ. 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದಲ್ಲಿ ಲೂಥರನ ಕಡೆಯವರು ಹೇಳಿದ್ದು: ಹುಟ್ಟಿನಿಂದ ಬಂದ ಈ ರೋಗವೇ ನಿಜವಾಗಿಯೂ ಪಾಪ. ಪ್ರೊಟೆಸ್ಟಂಟರ ಇನ್ನೊಂದು ಶಾಖೆಯಾದ ಕ್ಯಾಲ್ವಿನ್ ಪರಂಪರೆಯವರು 1618–19ರ ಡಾರ್ಟ್ ಸಭೆಯ ನಂತರ ‘ಸಂಪೂರ್ಣ ಭ್ರಷ್ಟತೆ’ ಎನ್ನುವುದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಪ್ರತಿಯೊಬ್ಬನೂ ಸಾಧ್ಯವಿದ್ದಷ್ಟು ಕೆಟ್ಟವನು ಎಂದಲ್ಲ; ಬುದ್ಧಿ, ಇಚ್ಛೆ, ಭಾವನೆ ಯಾವುದೂ ಕೆಡದೆ ಉಳಿದಿಲ್ಲ ಎಂದು ಅದರ ಅರ್ಥ. ಇನ್ನು ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನವನ್ನೇ ಕೊಡುವುದಿಲ್ಲ. ಮಾರ್ಮನರ ಎರಡನೇ ವಿಶ್ವಾಸ ಸೂತ್ರವಂತೂ ಮನುಷ್ಯರಿಗೆ ಶಿಕ್ಷೆ ತಮ್ಮ ಪಾಪಕ್ಕೇ ಹೊರತು ಆದಾಮನ ಉಲ್ಲಂಘನೆಗಲ್ಲ ಎಂದು ಬಿಡಿಸಿ ಹೇಳುತ್ತದೆ; ಅವರಲ್ಲಿ ದೀಕ್ಷಾಸ್ನಾನ 8 ವರ್ಷಕ್ಕೆ.

ಪೂರ್ವದ ಆರ್ಥಡಾಕ್ಸ್ ಸಭೆಗಳು ‘ಪೂರ್ವಜರ ಪಾಪ’ ಎನ್ನುತ್ತವೆ. ನಮಗೆ ಬಂದದ್ದು ಸಾಯುವ ಸ್ವಭಾವ ಮತ್ತು ದೌರ್ಬಲ್ಯ, ಅಪರಾಧದ ಹೊಣೆಯಲ್ಲ ಎಂಬುದು ಅವರ ನಿಲುವು. ಆದರೂ ಅವರು ಶಿಶುಗಳಿಗೆ ಸ್ನಾನ ಕೊಡುತ್ತಾರೆ. ಅದರ ಜೊತೆಗೇ ತೈಲಾಭಿಷೇಕ, ಪರಮಪ್ರಸಾದವನ್ನೂ ಕೊಡುತ್ತಾರೆ. ಶಿಶುಸ್ನಾನ ಇದೆಯೆಂದ ಮಾತ್ರಕ್ಕೆ ಹೊಣೆಯ ನಂಬಿಕೆಯೂ ಇದೆಯೆಂದು ತೀರ್ಮಾನಿಸುವವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ.

ಇನ್ನೊಂದು ತಪ್ಪು ನಿಮ್ಮ ಪತ್ರದಲ್ಲೂ ನುಸುಳಿದೆ. ‘ಅಮಲೋದ್ಭವ’ ಎಂಬುದನ್ನು ನೀವು ಯೇಸು ಕನ್ಯೆಯಲ್ಲಿ ಹುಟ್ಟಿದ ಸಂಗತಿ ಎಂದುಕೊಂಡಿದ್ದೀರಿ. ಅದು ಮರಿಯಳ ಬಗ್ಗೆ: ಆಕೆ ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಮೂಲಪಾಪದಿಂದ ಮುಕ್ತಳು ಎಂದು. 1854ರ ಡಿಸೆಂಬರ್ 8ರಂದು 9ನೇ ಪಯಸ್ ಪೋಪ್ ಇದನ್ನು ವಿಶ್ವಾಸ ಸೂತ್ರವಾಗಿ ಸಾರಿದರು. ಆರ್ಥಡಾಕ್ಸರು ಇದನ್ನು ಒಪ್ಪುವುದಿಲ್ಲ. ಮರಿಯಳ ಮೇಲೆ ಅವರಿಗೆ ಗೌರವ ಕಡಿಮೆಯೆಂದಲ್ಲ. ಅಪರಾಧವೇ ದಾಟಿಬರುವುದಿಲ್ಲ ಎನ್ನುವವರಿಗೆ ಅದರಿಂದ ವಿನಾಯಿತಿಯ ಅಗತ್ಯವೇ ಬೀಳುವುದಿಲ್ಲ.

ಯೆಹೂದ್ಯರ ಸಾಲಿಗೆ ಬರೋಣ. ದಿನದ ಬೆಳಗಿನ ಪ್ರಾರ್ಥನೆಯಲ್ಲಿ ‘ನನ್ನ ದೇವರೇ, ನೀನು ನನ್ನೊಳಗಿಟ್ಟ ಆತ್ಮ ಶುದ್ಧ’ ಎಂದಿದೆ. ಅಷ್ಟರ ಮಟ್ಟಿಗೆ ನಿಮ್ಮ ‘ಶುದ್ಧ’ ಸರಿ. ಆದರೆ ಅದೇ ಆದಿಕಾಂಡದ 8:21ರಲ್ಲಿ ಮನುಷ್ಯನ ಹೃದಯದ ಆಲೋಚನೆ ಚಿಕ್ಕಂದಿನಿಂದಲೇ ಕೆಟ್ಟದ್ದು ಎಂದೂ ಇದೆ. ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಇದನ್ನು ಎರಡು ಒಲವುಗಳಾಗಿ ಬಿಡಿಸಿದರು: ಯೇತ್ಸೆರ್ ಹಾ-ರಾ ಕೆಟ್ಟ ಒಲವು, ಯೇತ್ಸೆರ್ ಹಾ-ತೋವ್ ಒಳ್ಳೆಯದು. ಕೆಟ್ಟ ಒಲವು ಶಾಪವಲ್ಲ, ದೇವರೇ ಇಟ್ಟದ್ದು; ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಪಡೆಯುತ್ತಿರಲಿಲ್ಲ ಎನ್ನುತ್ತದೆ ಆದಿಕಾಂಡದ ಮೇಲಿನ ಮಿದ್ರಾಶ್ ವ್ಯಾಖ್ಯಾನ. ಇಷ್ಟು ನೆಲಕ್ಕೆ ಹತ್ತಿರದ ಮಾತು ಈ ವಿಷಯದ ಚರ್ಚೆಯಲ್ಲಿ ಅಪರೂಪ.

ಪಿತೃಗಳ ಪಾಪದ ಬಗ್ಗೆ ಯೆಹೂದಿ ಗ್ರಂಥಗಳಲ್ಲೇ ಎರಡು ದನಿಗಳಿವೆ. ವಿಮೋಚನಕಾಂಡ 20:5 ಮೂರು ನಾಲ್ಕು ತಲೆಮಾರಿನವರೆಗೆ ಶಿಕ್ಷೆ ಎನ್ನುತ್ತದೆ. ಪ್ರವಾದಿ ಯೆಹೆಜ್ಕೇಲನ ಗ್ರಂಥದ 18ನೇ ಅಧ್ಯಾಯ ತಂದೆಯ ದೋಷವನ್ನು ಮಗ ಹೊರುವುದಿಲ್ಲ ಎನ್ನುತ್ತದೆ. ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಇದನ್ನು ಮುಚ್ಚಿಡುವುದಿಲ್ಲ: ಮೋಶೆಯ ಆ ತೀರ್ಪನ್ನು ಯೆಹೆಜ್ಕೇಲ ಬಂದು ರದ್ದುಮಾಡಿದ ಎಂದೇ ಬರೆಯುತ್ತದೆ. ಬಿಡುಗಡೆಯ ದಾರಿ ತೆಶುವಾ: ತಪ್ಪನ್ನು ಬಿಡುವುದು, ಬಾಯಿಬಿಟ್ಟು ಒಪ್ಪುವುದು, ಪಶ್ಚಾತ್ತಾಪ, ಮುಂದೆ ಮಾಡೆನೆಂಬ ನಿರ್ಧಾರ. ಅದೇ ಅವಕಾಶ ಮತ್ತೆ ಎದುರಾದಾಗ ಮಾಡದೆ ಉಳಿದರೆ ಅದು ಪೂರ್ಣ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಾದರೆ ಅವನನ್ನು ಸಮಾಧಾನಪಡಿಸದೆ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತ ದಿನದ ಉಪವಾಸವೂ ಫಲ ಕೊಡದು.

ಇಸ್ಲಾಮಿನ ಸಾಲು ನಿಮ್ಮ ಪಟ್ಟಿಯಲ್ಲಿ ಸತ್ಯಕ್ಕೆ ಅತಿ ಹತ್ತಿರವಿದೆ. ಕುರ್‌ಆನಿನಲ್ಲಿ ತಪ್ಪು ಮಾಡಿದ್ದು ಇಬ್ಬರೂ; ಹವ್ವಾ ಮೊದಲು ಮರುಳಾದಳು ಎಂಬ ಮಾತಿಲ್ಲ. 7:23ರಲ್ಲಿ ಇಬ್ಬರೂ ಸೇರಿ ‘ನಮ್ಮ ಮೇಲೆ ನಾವೇ ಅನ್ಯಾಯ ಮಾಡಿಕೊಂಡೆವು’ ಎಂದು ಬೇಡುತ್ತಾರೆ, 2:37ರಲ್ಲಿ ಕ್ಷಮೆ ಸಿಗುತ್ತದೆ. ಹಾಗಾಗಿ ಸಂತತಿಗೆ ದಾಟಿಸಲು ಬಾಕಿಯೇ ಉಳಿಯುವುದಿಲ್ಲ. ಹೊರೆ ಹೊತ್ತವರು ಯಾರೂ ಇನ್ನೊಬ್ಬರ ಹೊರೆಯನ್ನು ಹೊರರು ಎಂಬ ಮಾತು 6:164, 17:15, 35:18 ಹೀಗೆ ಹಲವೆಡೆ ಬರುತ್ತದೆ. ಭೂಮಿಗೆ ಬಂದದ್ದು ಶಿಕ್ಷೆಯಲ್ಲವೇ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ 2:30 ತೋರಿಸಿ: ಭೂಮಿಯಲ್ಲಿ ಪ್ರತಿನಿಧಿಯನ್ನು ನೇಮಿಸುವೆನೆಂದು ದೇವರು ಹೇಳಿದ್ದು ಮರದ ಪ್ರಸಂಗಕ್ಕಿಂತ ಮೊದಲು. ಪ್ರತಿ ಮಗುವೂ ಫಿತ್ರಾ ಎಂಬ ಸಹಜ ಸ್ಥಿತಿಯಲ್ಲಿ ಹುಟ್ಟುತ್ತದೆ ಎಂಬ ಹದೀಸ್ (ಪ್ರವಾದಿಯ ವಚನ) ಪ್ರಸಿದ್ಧ. ‘ಶುದ್ಧ’ ಎಂದ ಮಾತ್ರಕ್ಕೆ ಒಲವು ಇಲ್ಲವೆಂದಲ್ಲ. 12:53ರಲ್ಲಿ ಮನಸ್ಸು ಕೆಟ್ಟದ್ದಕ್ಕೆ ಪ್ರೇರೇಪಿಸುವಂಥದ್ದೇ ಎಂದಿದೆ. ತೌಬಾದ, ಅಂದರೆ ಪಶ್ಚಾತ್ತಾಪದ, ಷರತ್ತುಗಳು ತೆಶುವಾಗೆ ತೀರಾ ಹತ್ತಿರ: ಬಿಡು, ಮರುಗು, ಮರಳಿ ಮಾಡೆನೆಂದು ನಿಶ್ಚಯಿಸು, ಇನ್ನೊಬ್ಬರ ಹಕ್ಕು ಕಸಿದಿದ್ದರೆ ಹಿಂದಿರುಗಿಸು. ಮಧ್ಯಸ್ಥನೂ ಇಲ್ಲ, ಸ್ನಾನದ ಸಂಸ್ಕಾರವೂ ಇಲ್ಲ.

ಇನ್ನು ‘ಪಾಪಸಂಭವಃ’. ಶ್ಲೋಕದ ಮುಂದಿನ ಸಾಲು ‘ತ್ರಾಹಿ ಮಾಂ ಕೃಪಯಾ ದೇವ ಶರಣಾಗತವತ್ಸಲ’. ಅಂದರೆ ಇದು ಶರಣಾಗತಿಯ ಮಾತು. ದೈನ್ಯದ ಭಾಷೆಯಿಂದ ಸಿದ್ಧಾಂತ ಹಿಂಡಬಾರದು ಎಂದು ಹೇಳಿ ಮುಗಿಸುವವರಿದ್ದಾರೆ. ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಋಗ್ವೇದದ 7ನೇ ಮಂಡಲದ 86ನೇ ಸೂಕ್ತದಲ್ಲಿ ವಸಿಷ್ಠರು ವರುಣನನ್ನು ಬೇಡುವುದು, ನಮ್ಮ ಪಿತೃಗಳ ದ್ರೋಹಗಳಿಂದಲೂ ನಾವೇ ಮಾಡಿದವುಗಳಿಂದಲೂ ಬಿಡಿಸು ಎಂದು. ಮನುಸ್ಮೃತಿ 2:27 ಗರ್ಭಹೋಮ, ಜಾತಕರ್ಮ, ಚೌಲ, ಮೌಂಜೀಬಂಧನ (ಉಪನಯನ) ಸಂಸ್ಕಾರಗಳಿಂದ ದ್ವಿಜರ ‘ಬೈಜಿಕ’, ‘ಗಾರ್ಭಿಕ’ ದೋಷಗಳು, ಅಂದರೆ ಬೀಜದಿಂದ ಮತ್ತು ಗರ್ಭದಿಂದ ಬಂದ ಕಲ್ಮಷ ತೊಳೆದುಹೋಗುತ್ತದೆ ಎನ್ನುತ್ತದೆ. ಅದೇ ಗ್ರಂಥದ 4:173ರಲ್ಲಿ ಅಧರ್ಮದ ಫಲ ತನಗೆ ತಟ್ಟದಿದ್ದರೆ ಮಕ್ಕಳಿಗೆ, ಅವರಿಗೂ ಇಲ್ಲವಾದರೆ ಮೊಮ್ಮಕ್ಕಳಿಗೆ; 4:240ರಲ್ಲಿ ಜೀವಿ ಒಂಟಿಯಾಗಿ ಹುಟ್ಟಿ ಒಂಟಿಯಾಗಿಯೇ ಸುಕೃತ ದುಷ್ಕೃತಗಳನ್ನು ಅನುಭವಿಸುತ್ತಾನೆ. ವಿಮೋಚನಕಾಂಡ ಮತ್ತು ಯೆಹೆಜ್ಕೇಲನ ನಡುವಿನ ಜಗಳ ಇಲ್ಲಿ ಒಂದೇ ಪುಸ್ತಕದ ಒಂದೇ ಅಧ್ಯಾಯದಲ್ಲಿದೆ. ಒಂದು ಧರ್ಮವನ್ನು ‘ಅಪ್ಪನ ಸಾಲ ಮಗನಿಗೆ’ ಎಂಬ ಕಡೆಗೂ ಇನ್ನೊಂದನ್ನು ‘ಅವರವರ ಪಾಪ ಅವರವರಿಗೆ’ ಎಂಬ ಕಡೆಗೂ ಸರಿಸಿಬಿಡಲು ಸಾಧ್ಯವಾಗದಿರುವುದು ಇದರಿಂದಲೇ.

ಕರ್ಮಸಿದ್ಧಾಂತ ಬೆಳೆದ ಮೇಲೆ ಎರಡನೆಯ ದನಿಯೇ ಮೇಲಾಯಿತು. ಕೂಸು ಅನುಭವಿಸುವುದು ಬೇರೆಯವರ ಪಾಪವಲ್ಲ, ಅದೇ ಜೀವ ಹಿಂದೆ ಮಾಡಿದ್ದು. ಹಿಂದಿನ ಜನ್ಮಗಳಿಂದ ಕೂಡಿಬಂದ ಸಂಚಿತದಲ್ಲಿ ಫಲ ಕೊಡಲು ತೊಡಗಿದ ಭಾಗ ಪ್ರಾರಬ್ಧ. ಜ್ಞಾನ ಬಂದರೂ ಅದನ್ನು ಉಂಡೇ ತೀರಿಸಬೇಕು. ಹಾಗಾದರೆ ಮೊಟ್ಟಮೊದಲ ಜನ್ಮಕ್ಕೆ ಯಾವ ಕರ್ಮ ಕಾರಣ? ಬ್ರಹ್ಮಸೂತ್ರ 2.1.34ರಿಂದ 36ರವರೆಗೆ ಇದೇ ಚರ್ಚೆ. ಒಬ್ಬನನ್ನು ಸುಖಿಯಾಗಿಯೂ ಇನ್ನೊಬ್ಬನನ್ನು ದುಃಖಿಯಾಗಿಯೂ ಹುಟ್ಟಿಸುವ ದೇವರಿಗೆ ಪಕ್ಷಪಾತ, ನಿರ್ದಯೆಯ ದೋಷ ಬರುವುದಿಲ್ಲವೇ? ಇಲ್ಲ, ಅವನು ಕರ್ಮವನ್ನು ನೋಡಿ ಕೊಡುತ್ತಾನೆ. ಆರಂಭದಲ್ಲಿ ಕರ್ಮವೇ ಇರಲಿಲ್ಲವಲ್ಲ? ಆರಂಭವೇ ಇಲ್ಲ, ಸಂಸಾರ ಅನಾದಿ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಭೇದ ಇಲ್ಲಿದೆ. ಕ್ರೈಸ್ತ ಚಿಂತನೆಯಲ್ಲಿ ಕೆಡುಕಿಗೆ ಒಂದು ಮೊದಲ ದಿನವಿದೆ, ಭಾರತೀಯ ದರ್ಶನಗಳಲ್ಲಿ ಇಲ್ಲ. ಎರಡಕ್ಕೂ ಒಂದೊಂದು ಬಿರುಕು ಇದೆ. ಒಳ್ಳೆಯವನಾಗಿಯೇ ಸೃಷ್ಟಿಯಾದ ಆದಾಮ ಕೆಟ್ಟದ್ದನ್ನು ಏಕೆ ಆರಿಸಿದ ಎಂಬುದಕ್ಕೆ ಅಲ್ಲಿ ಕೊನೆಯ ಉತ್ತರವಿಲ್ಲ; ‘ಅನಾದಿ’ ಎಂಬ ಉತ್ತರ ಪ್ರಶ್ನೆಯನ್ನು ತೀರಿಸುವುದಕ್ಕಿಂತ ಹಿಂದಕ್ಕೆ ತಳ್ಳುತ್ತದೆ.

ಮೂಲಪಾಪಕ್ಕೆ ಭಾರತೀಯ ಚಿಂತನೆಯಲ್ಲಿ ಅತಿ ಹತ್ತಿರದ ಕಲ್ಪನೆ ಯಾವುದೆಂದರೆ, ನಾವು ಕರ್ಮವನ್ನಲ್ಲ, ಶೈವರ ಆಣವ ಮಲವನ್ನು ತೋರಿಸುತ್ತೇವೆ. ಆಣವ, ಮಾಯೆ, ಕರ್ಮ ಎಂಬ ಮಲತ್ರಯದಲ್ಲಿ ಆಣವ ಮೂಲದ್ದು. ತಾಮ್ರಕ್ಕೆ ಕಿಲುಬಿನಂತೆ ಅದು ಜೀವಕ್ಕೆ ಅನಾದಿಯಿಂದಲೇ ಅಂಟಿಕೊಂಡು ಅದನ್ನು ಕಿರಿದುಮಾಡುತ್ತದೆ, ತಾನು ಇಷ್ಟೇ ಎಂದು ನಂಬಿಸುತ್ತದೆ ಎಂದು ಶೈವ ಸಿದ್ಧಾಂತಿಗಳು ವಿವರಿಸುತ್ತಾರೆ. ಯಾರೋ ಮಾಡಿದ ಕೃತ್ಯವಲ್ಲ. ಸ್ವಂತ ಬಲದಿಂದ ಕಳೆಯುವಂಥದ್ದೂ ಅಲ್ಲ. ಶಿವನ ಅನುಗ್ರಹ ದೀಕ್ಷೆಯ ಮೂಲಕ ಇಳಿಯಬೇಕು. ವೀರಶೈವರಲ್ಲಿ ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳು ಮಲತ್ರಯವನ್ನು ಕಳೆಯುವುದಕ್ಕಾಗಿಯೇ ಇವೆ. ನಾವು ಮೊದಲು ಹೇಳಿದ ನಾಲ್ಕರಲ್ಲಿ ಎರಡನೆಯದೂ ನಾಲ್ಕನೆಯದೂ ಇಲ್ಲಿ ಪೂರ್ತಿಯಾಗಿವೆ, ಮೂರನೆಯದು ಒಂದಿಷ್ಟೂ ಇಲ್ಲ.

ಜೈನರಿಗೆ ಅನ್ವಯಿಸದು ಎಂದಿರಿ. ಒಂದರ್ಥದಲ್ಲಿ ಅವರದೇ ಅತ್ಯಂತ ಕೂಲಂಕಷ ಲೆಕ್ಕ. ಕರ್ಮವೆಂದರೆ ಅವರಿಗೆ ಸೂಕ್ಷ್ಮ ದ್ರವ್ಯ, ಪುದ್ಗಲ. ಕಾರ್ಮಣ ಶರೀರ ಜೀವಕ್ಕೆ ಅನಾದಿಯಿಂದ ಅಂಟಿದೆ, ಸಾವಿನಾಚೆಗೂ ಜೊತೆಗೆ ಸಾಗುತ್ತದೆ. ಎಂಟು ಬಗೆಯ ಕರ್ಮಗಳಲ್ಲಿ ಭ್ರಮೆ ಹುಟ್ಟಿಸುವ ಮೋಹನೀಯವೇ ಪ್ರಬಲ. ಬಂಧಕ್ಕೆ ಕಾರಣ ಐದು: ಮಿಥ್ಯಾದರ್ಶನ (ತಪ್ಪು ನಂಬಿಕೆ), ಅವಿರತಿ (ಸಂಯಮವಿಲ್ಲದಿರುವುದು), ಪ್ರಮಾದ (ಎಚ್ಚರಗೇಡಿತನ), ಕಷಾಯ (ಕ್ರೋಧ ಲೋಭಗಳಂಥ ವಿಕಾರ), ಯೋಗ (ಮನಸ್ಸು, ಮಾತು, ದೇಹಗಳ ಚಟುವಟಿಕೆ). ಹೊಸದು ಒಳಬರದಂತೆ ತಡೆಯುವುದು ಸಂವರ, ಹಳೆಯದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಕ್ಷಮಿಸುವ ದೇವರಿಲ್ಲ, ಎಲ್ಲವೂ ಸ್ವಂತ ದುಡಿಮೆ. ಪೆಲೇಜಿಯಸ್ ಇದನ್ನು ಓದಿದ್ದರೆ ಖುಷಿಪಡುತ್ತಿದ್ದನೇನೋ. ಆದರೂ ಎಂದಿಗೂ ಮೋಕ್ಷ ಹೊಂದಲಾರದ ಅಭವ್ಯ ಜೀವಗಳಿವೆಯೆಂದು ಜೈನ ಶಾಸ್ತ್ರ ಹೇಳುತ್ತದೆ. ಮಧ್ವ ಮತದಲ್ಲಿ ಜೀವಗಳ ಸ್ವಭಾವಸಿದ್ಧ ಯೋಗ್ಯತೆಯೇ ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು (ಕತ್ತಲ ಲೋಕಕ್ಕೇ ಸಲ್ಲುವವರು). ಕೆಲವರಿಗೆ ಬಿಡುಗಡೆಯಿಲ್ಲ ಎಂಬ ಕಠಿಣ ಮಾತು ಕ್ಯಾಲ್ವಿನನ ಸೊತ್ತು ಮಾತ್ರವಲ್ಲ ಎಂದು ತೋರಿಸಲು ಇವೆರಡು ಉದಾಹರಣೆ ಸಾಕು.

ಬೌದ್ಧರ ವಿಷಯದಲ್ಲಿ ನಿಮ್ಮ ಕೂಸಿನ ಪ್ರಶ್ನೆಗೆ ನೇರ ಉತ್ತರವೇ ಇದೆ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ 64ನೇ ಸುತ್ತದಲ್ಲಿ ಬುದ್ಧ ಹೇಳುತ್ತಾನೆ: ಅಂಗಾತ ಮಲಗಿದ ಎಳೆಕೂಸಿಗೆ ‘ಕಾಮ’ ಎಂಬ ಕಲ್ಪನೆಯೂ ಇಲ್ಲ, ಆದರೆ ಕಾಮದ ಅನುಶಯ, ಅಂದರೆ ಸುಪ್ತವಾದ ಒಲವು, ಅದರಲ್ಲಿ ಮಲಗಿಯೇ ಇದೆ. ಒಲವು ಇದೆ, ಅಪರಾಧವಿಲ್ಲ. ಕರ್ಮವೆಂದರೆ ಸಂಕಲ್ಪ, ಸಂಕಲ್ಪಿಸಲಾರದ ಕೂಸು ತಪ್ಪಿತಸ್ಥನಲ್ಲ. ಅಂಗುತ್ತರ ನಿಕಾಯದಲ್ಲಿ ಚಿತ್ತ ಪ್ರಭಾಸ್ವರವಾದದ್ದು, ಕಲ್ಮಷಗಳು ಹೊರಗಿನಿಂದ ಬಂದವು ಎಂದಿದೆ. ಅಗ್ಗಞ್ಞ ಸುತ್ತದಲ್ಲಿ ಪತನದ ಕಥೆಯಂಥದ್ದೂ ಇದೆ: ಹೊಳೆಯುವ ಜೀವಿಗಳು ನೆಲದ ರಸವನ್ನು ಬೆರಳಿನಿಂದ ಸವಿದು, ಆಸೆಗೆ ಬಿದ್ದು, ನಿಧಾನಕ್ಕೆ ಹೊಳಪು ಕಳೆದುಕೊಳ್ಳುತ್ತವೆ. ಆದರೆ ಅಲ್ಲಿ ಮೀರಿದ ಆಜ್ಞೆಯಿಲ್ಲ, ಕೋಪಗೊಂಡ ದೇವರಿಲ್ಲ.

ಪಟ್ಟಿಯನ್ನು ಹೇಗೆ ಬದಲಿಸುವುದು? ಧರ್ಮಗಳನ್ನು ಅಡ್ಡಸಾಲಿನಲ್ಲಿಡಿ, ಸಾವು, ಒಲವು, ಹೊಣೆ, ಬಿಡುಗಡೆಯ ಬಲ ಎಂಬ ನಾಲ್ಕು ಕಂಬಸಾಲು ಮಾಡಿ. ಕ್ರೈಸ್ತರಿಗೆ ಕ್ಯಾಥೊಲಿಕ್, ಪ್ರೊಟೆಸ್ಟಂಟ್, ಆರ್ಥಡಾಕ್ಸ್ ಎಂದು ಕನಿಷ್ಠ ಮೂರು ಸಾಲು ಬೇಕು. ‘ಹಿಂದೂ’ ಎಂಬ ಒಂದೇ ಸಾಲು ಬೇಡವೇ ಬೇಡ. ಅದ್ವೈತ, ದ್ವೈತ, ಶೈವ ಬೇರೆ ಬೇರೆಯಾಗಿರಲಿ. ‘ಹೊಣೆ’ಯ ಕೆಳಗೆ ಹೌದು ಅಲ್ಲ ಎಂದು ಬರೆಯುವಾಗ ಯೆಹೂದ್ಯರ ಮನೆಯಲ್ಲೂ ಸ್ಮೃತಿಗಳ ಮನೆಯಲ್ಲೂ ಎರಡನ್ನೂ ಬರೆದು ಪಕ್ಕದಲ್ಲಿ ವಚನ ಸಂಖ್ಯೆ ಕೊಡಿ. ಸಮಯ ಉಳಿದರೆ ನೀವು ಬಿಟ್ಟಿರುವ ಪಾರ್ಸಿ ಧರ್ಮವನ್ನೂ ಸೇರಿಸಬಹುದು: ಅವರ ಬುಂದಹಿಶ್ನ್ ಗ್ರಂಥದಲ್ಲಿ ಮೊದಲ ದಂಪತಿ ಮಶ್ಯ, ಮಶ್ಯಾನೆ ಮಾಡಿದ ತಪ್ಪು ಹಣ್ಣು ತಿಂದದ್ದಲ್ಲ; ಲೋಕವನ್ನು ಸೃಷ್ಟಿಸಿದವನು ದುಷ್ಟಶಕ್ತಿಯಾದ ಅಹ್ರಿಮನ್ ಎಂದು ಸುಳ್ಳು ಹೇಳಿದ್ದು.

— ಸಂಪಾದಕ